ಪಮೇಲಾ ಗೆರೆ, ಪ್ರೆಸ್‌ನವರ ಬಣ್ಣ

ಪ್ರಶ್ನೆ: ನಾನು ಚಿತ್ರದುರ್ಗದವಳು, ಶಾಲೆಯಲ್ಲಿ ಟೀಚರ್. ಏಳು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹಳದಿ ಪೆಟ್ಟಿಗೆಯ ರೈಡರ್ ಟ್ಯಾರೋ ಡೆಕ್ (ಭವಿಷ್ಯ ನೋಡುವ ಚಿತ್ರದ ಕಾರ್ಡುಗಳ ಕಟ್ಟು) ತಗೊಂಡಿದ್ದೆ. ಹೋದ ತಿಂಗಳು ಅಕ್ಕನ ಮಗಳು ಆನ್‌ಲೈನ್‌ನಲ್ಲಿ 350 ರೂಪಾಯಿಗೆ ಒಂದು ತರಿಸಿದಳು. ಗೆಳತಿಯ ಹತ್ತಿರ ತಗಡಿನ ಡಬ್ಬಿಯಲ್ಲಿ ಬಂದ ಇನ್ನೊಂದಿದೆ. ಮೂರರಲ್ಲೂ ಅದೇ ಚಿತ್ರಗಳು. ಆದರೆ ಬಣ್ಣ ಮೂರು ಥರ. ಒಂದು ಗಾಢ, ಒಂದು ಕಣ್ಣಿಗೆ ಚುಚ್ಚುತ್ತದೆ, ಒಂದು ಮಾಸಿದ ಹಾಗಿದೆ. ಇದರಲ್ಲಿ ಅಸಲಿ ಯಾವುದು? ಹೊಸದಾಗಿ ಒಂದು ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ? ತಾವೇ ದುಡ್ಡು ಕೊಟ್ಟು ಕೊಂಡ ಡೆಕ್ ಫಲಿಸಲ್ಲ ಅಂತಾರೆ, ನಿಜವಾ?

ಉತ್ತರ: ಮೇಡಂ, ಮೊದಲು ಮೂರೂ ಡೆಕ್‌ಗಳನ್ನು ಮನೆ ಮುಂದಿನ ಕಟ್ಟೆಗೆ ತನ್ನಿ. ಟ್ಯೂಬ್‌ಲೈಟ್ ಕೆಳಗೆ ಬಣ್ಣ ನೋಡಬೇಡಿ. ಇಲ್ಲಿ ದಾವಣಗೆರೆ ಬಟ್ಟೆ ಅಂಗಡಿಗಳಲ್ಲಿ ಹೆಂಗಸರು ಸೀರೆಯನ್ನು ಬಾಗಿಲ ತನಕ ತಂದು, ಬಿಸಿಲಿಗೆ ಒಡ್ಡಿ ನೋಡುತ್ತಾರಲ್ಲ, ಹಾಗೆ ನೋಡಬೇಕು. ಅಂಗಡಿಯವನು ಗೊಣಗಿದರೂ ಅವರು ಬಿಡುವುದಿಲ್ಲ. ಅವರ ಕಡೆಯೇ ನ್ಯಾಯ ಇದೆ. ದೀಪ ಬದಲಾದರೆ ಬಣ್ಣ ಬದಲಾಗುತ್ತದೆ. ಪ್ರೆಸ್‌ನಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು.

ನಾನು ದಾವಣಗೆರೆಯಲ್ಲಿ ಮೂವತ್ತು ವರ್ಷ ಆಫ್‌ಸೆಟ್ ಪ್ರೆಸ್ ನಡೆಸಿದವನು. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಪೋಸ್ಟರು, ದಲ್ಲಾಳಿ ಅಂಗಡಿಗಳ ಕ್ಯಾಲೆಂಡರು ಇವೇ ನನ್ನ ಹೊಟ್ಟೆಪಾಡು. ಟ್ಯಾರೋ ಡೆಕ್ ಕೂಡಿಹಾಕುವ ಚಟ ಹತ್ತಿದ್ದು ಅಚ್ಚಿನ ಹುಚ್ಚಿನಿಂದ. ಭವಿಷ್ಯ ಹೇಳುವುದು ನನಗೆ ಬರುವುದಿಲ್ಲ. ಹಾಗಾಗಿ ನನ್ನ ಉತ್ತರ ಕಾಗದ, ಶಾಯಿ, ಗೆರೆ ಇವುಗಳ ಸುತ್ತಲೇ ತಿರುಗುತ್ತದೆ.

ಅಸಲಿ ಯಾವುದು ಅಂದಿರಿ. ಕಟ್ಟುನಿಟ್ಟಾಗಿ ಹೇಳಿದರೆ ಮೂರೂ ಅಲ್ಲ. ನಿಮ್ಮದು ಮತ್ತು ನಿಮ್ಮ ಗೆಳತಿಯದು ಮರ್ಯಾದಸ್ಥ ಮರುಮುದ್ರಣಗಳು. ಅಕ್ಕನ ಮಗಳದ್ದು ಬಹುಶಃ ನಕಲಿನ ನಕಲು. ಆದರೆ ಬಣ್ಣ ನೋಡಿ ಅಸಲಿ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಈ ಡೆಕ್‌ನಲ್ಲಿ ಗೆರೆ ಮಾತ್ರ ಚಿತ್ರ ಬರೆದ ಕಲಾವಿದೆ ಪಮೇಲಾ ಅವರದು ಅಂತ ಧೈರ್ಯವಾಗಿ ಹೇಳಬಹುದು. ಬಣ್ಣ ಯಾವತ್ತೂ ಪ್ರೆಸ್‌ನವರ ಕೈಯಲ್ಲೇ ಇತ್ತು. 1909ರಲ್ಲೂ ಅಷ್ಟೇ, ಈಗಲೂ ಅಷ್ಟೇ.

ಕಥೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 'ರೈಡರ್' ಅಂದರೆ ಕುದುರೆ ಸವಾರ ಅಂದುಕೊಂಡವರು ಬಹಳ ಜನ ಇದ್ದಾರೆ. ಡೆತ್ ಕಾರ್ಡಿನಲ್ಲಿ ಬಿಳಿ ಕುದುರೆ ಮೇಲೆ ಅಸ್ಥಿಪಂಜರ ಕೂತಿರುತ್ತದಲ್ಲ, ಅದನ್ನು ನೋಡಿ ಹಾಗೆ ಅನಿಸುವುದು ಸಹಜ. ರೈಡರ್ ಅನ್ನುವುದು ಲಂಡನ್ನಿನ ಪ್ರಕಾಶನ ಸಂಸ್ಥೆಯ ಹೆಸರು, ವಿಲಿಯಂ ರೈಡರ್ ಅಂಡ್ ಸನ್. 1909ರ ಡಿಸೆಂಬರಿನಲ್ಲಿ ಈ ಡೆಕ್ ಹೊರಬಂತು. ಯಾವ ಕಾರ್ಡಿನಲ್ಲಿ ಏನಿರಬೇಕು ಅಂತ ಯೋಚನೆ ಕೊಟ್ಟವರು ಆರ್ಥರ್ ಎಡ್ವರ್ಡ್ ವೇಟ್. ಕೂತು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆಕೆಗೆ ಆಗ 31 ವರ್ಷ. ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದಿದ್ದರಲ್ಲಿ ಒಂದಷ್ಟು ಕಾಲ ಜಮೈಕಾದಲ್ಲಿ, ಚಿತ್ರಕಲೆ ಓದಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ನಾಟಕ ಕಂಪನಿಗಳ ಜೊತೆ ಓಡಾಡಿದಾಕೆ. ಅದು ಕಾರ್ಡುಗಳಲ್ಲೂ ಕಾಣುತ್ತದೆ. ಎಷ್ಟೋ ಚಿತ್ರಗಳಲ್ಲಿ ಮುಂದೆ ಒಂದು ಚಪ್ಪಟೆ ನೆಲ, ಹಿಂದೆ ಪರದೆ ಇಳಿಬಿಟ್ಟ ಹಾಗೆ ಊರು ಅಥವಾ ಬೆಟ್ಟ. ನಮ್ಮ ಕಂಪನಿ ನಾಟಕದ ಸೀನರಿ ನೋಡಿದವರಿಗೆ ತಟ್ಟನೆ ಗುರುತು ಹತ್ತುತ್ತದೆ.

ಕೆಲವೇ ತಿಂಗಳಲ್ಲಿ ಈ ರಾಶಿ ಚಿತ್ರಗಳನ್ನು ಬರೆದು ಮುಗಿಸಿದರು. ಆ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರಿಗೆ ಒಂದು ಕಾಗದ ಹಾಕಿದ್ದಾರೆ. ಬಹಳ ದೊಡ್ಡ ಕೆಲಸ ಮುಗಿಸಿದೆ, ಸಿಕ್ಕ ದುಡ್ಡು ಬಹಳ ಕಮ್ಮಿ ಅಂತ ಅದರಲ್ಲಿದೆ. ಜೊತೆಗೆ ಇನ್ನೊಂದು ಮಾತು ಇದೆ. ಕಾರ್ಡುಗಳು ಬಣ್ಣದಲ್ಲಿ ಅಚ್ಚಾಗಿ ಬರುತ್ತವೆ, ಬಹುಶಃ ತೀರಾ ಕೆಟ್ಟದಾಗಿಯೇ ಬರುತ್ತವೆ ಅನ್ನುವ ಅರ್ಥದ ಮಾತು! ನನಗಂತೂ ಅದನ್ನು ಓದಿ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ನಮ್ಮ ಕಸುಬಿನವರ ಬಗ್ಗೆ ಕಲಾವಿದರಿಗೆ ಆಗಿನಿಂದಲೂ ಇದೇ ನಂಬಿಕೆ. ಡೆಕ್ ಹೊರಬರುವ ಮೊದಲೇ ಬರೆದವರಿಗೇ ಬಣ್ಣದ ಮೇಲೆ ಭರವಸೆ ಇರಲಿಲ್ಲ. ನಾವು ನೂರು ವರ್ಷ ಆದ ಮೇಲೆ ಅಸಲಿ ಬಣ್ಣ ಯಾವುದು ಅಂತ ಜಗಳ ಆಡುತ್ತಿದ್ದೇವೆ.

ಆಗ ಅಚ್ಚು ಹಾಕಿದ್ದು ಕಲ್ಲಚ್ಚು ವಿಧಾನದಲ್ಲಿ, ಅಂದರೆ ಲಿಥೋಗ್ರಫಿ. ಕಲ್ಲಿನ ಕೋಟೆಯ ಊರಿನವರಿಗೆ ಕಲ್ಲಚ್ಚಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡುತ್ತಾರೆ. ಬರೆದ ಕಡೆ ನೀರು ನಿಲ್ಲುವುದಿಲ್ಲ, ಬರೆಯದ ಕಡೆ ಶಾಯಿ ಹತ್ತುವುದಿಲ್ಲ. ಎಣ್ಣೆ ನೀರಿನ ಜಗಳವನ್ನೇ ಕಸುಬು ಮಾಡಿಕೊಂಡಿದ್ದು ಅದು. ಆಮೇಲೆ ಕಲ್ಲಿನ ಬದಲು ಲೋಹದ ತಗಡು ಬಂತು. ನಮ್ಮ ಆಫ್‌ಸೆಟ್ ಅದರದ್ದೇ ಮರಿಮಗು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಅಥವಾ ತಗಡು ಬೇಕು. ತೆಳು ಬಣ್ಣ ಬೇಕಾದರೆ ಪ್ರೆಸ್‌ನ ಕೆಲಸಗಾರ ಚುಕ್ಕಿ ಚುಕ್ಕಿ ಇಟ್ಟು ತುಂಬುತ್ತಾನೆ. ಅಂದರೆ ಪಮೇಲಾ ಬರೆದ ಹಾಳೆಗೂ ಕೊಳ್ಳುವವರ ಕೈಗೆ ಬಂದ ಕಾರ್ಡಿಗೂ ನಡುವೆ ಇನ್ನೊಬ್ಬನ ಕೈ ಇದ್ದೇ ಇತ್ತು. ಅವನ ಹೆಸರು ಎಲ್ಲೂ ಇಲ್ಲ. ಪಮೇಲಾ ಕೈಯ ಮೂಲ ಚಿತ್ರಗಳು ಇವತ್ತು ಎಲ್ಲೂ ಸಿಗುವುದಿಲ್ಲ. ಹಾಗಾಗಿ ಹೋಲಿಸಿ ನೋಡೋಣ ಅಂದರೂ ದಾರಿ ಇಲ್ಲ.

ಮೊದಲ ಮುದ್ರಣದ ಕಾರ್ಡುಗಳ ಬೆನ್ನಿನ ಮೇಲೆ ಗುಲಾಬಿ ಮತ್ತು ಲಿಲ್ಲಿ ಹೂವಿನ ವಿನ್ಯಾಸ ಇತ್ತು. ಮೆಜೀಷಿಯನ್ ಕಾರ್ಡಿನಲ್ಲಿ ಮೇಲೆ ಕೆಳಗೆ ಇರುವುದೂ ಇದೇ ಎರಡು ಹೂವು, ನೋಡಿ. ಆ ಡೆಕ್ ಈಗ ತೀರಾ ಅಪರೂಪ. ಅದಾದ ಮೇಲೆ ಬಂದವುಗಳ ಬೆನ್ನು ಬೇರೆ. ಬೇಸಿಗೆಯಲ್ಲಿ ನಿಮ್ಮ ಕಡೆ ಕೆರೆ ಒಣಗಿ ತಳ ಬಿರಿದಿರುತ್ತದಲ್ಲ, ಥೇಟ್ ಹಾಗೆ. ಆ ಬಿರುಕು ಬೆನ್ನಿನ ಡೆಕ್‌ಗಳನ್ನು ಕೂಡಿಹಾಕುವವರು ಪಮೇಲಾ ಹೆಸರಿನಲ್ಲೇ ಪ್ಯಾಮ್ ಎ, ಪ್ಯಾಮ್ ಬಿ, ಸಿ, ಡಿ ಅಂತ ವಿಂಗಡಿಸಿದ್ದಾರೆ. ಇವೆಲ್ಲ ಒಂದೇ ಪ್ರಕಾಶಕರ ಡೆಕ್‌ಗಳು. ಆದರೂ ಬಣ್ಣ ಒಂದರ ಹಾಗೆ ಇನ್ನೊಂದಿಲ್ಲ. ಗೆರೆಯಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇದೆ. ಒಂದರಲ್ಲಿ ಮುಖ ತುಸು ತೆಳು, ಇನ್ನೊಂದರಲ್ಲಿ ಹುಬ್ಬು ತುಸು ದಪ್ಪ. ಆ ಕಾಲದಲ್ಲೇ ಹೀಗಿದ್ದ ಮೇಲೆ ಇವತ್ತಿನ ಮೂರು ಡೆಕ್ ಮೂರು ಥರ ಇರುವುದರಲ್ಲಿ ಆಶ್ಚರ್ಯ ಏನು?

ಎರಡನೇ ಮಹಾಯುದ್ಧದ ಹೊತ್ತಿಗೆ ಅಚ್ಚು ನಿಂತಿತು. ಆಮೇಲೆ ಅಮೆರಿಕದಲ್ಲಿ ಬೇರೆ ಬೇರೆಯವರು ತಮ್ಮ ತಮ್ಮ ಆವೃತ್ತಿ ತಂದರು. 1968ರ ಆಲ್ಬಾನೋ ವೇಟ್ ಡೆಕ್ ಅಂತೂ ಜಾತ್ರೆ ಬೊಂಬಾಯಿ ಮಿಠಾಯಿ ಬಣ್ಣದ್ದು. ಆ ಕಾಲದ ಅಮೆರಿಕದ ಹುಡುಗರಿಗೆ ಅದು ಹಿಡಿಸಿತು ಅಂತ ಕಾಣುತ್ತದೆ. 1971ರಲ್ಲಿ ಸ್ಟುವರ್ಟ್ ಕ್ಯಾಪ್ಲನ್ ಅವರ ಯು.ಎಸ್. ಗೇಮ್ಸ್ ಸಂಸ್ಥೆ ಅನುಮತಿ ಪಡೆದು ಅಚ್ಚು ಹಾಕಿತು. ನಿಮ್ಮ ಹಳದಿ ಪೆಟ್ಟಿಗೆ ಬಂದಿದ್ದು ಆ ಸಾಲಿನಿಂದಲೇ. ನಮ್ಮ ದೇಶದಲ್ಲಿ ಟ್ಯಾರೋ ಕಲಿತ ಹಳಬರು ಹೆಚ್ಚಿನವರು ಕಲಿತಿದ್ದು ಇದೇ ಪೆಟ್ಟಿಗೆಯಿಂದ.

ಈಗ ನಿಮ್ಮ ಡೆಕ್ ಕೈಗೆ ತಗೊಳ್ಳಿ. ಬಣ್ಣಗಳು ಚಪ್ಪಟೆಯಾಗಿವೆ. ಹಳದಿ ಅಂದರೆ ಪೂರ್ತಿ ಹಳದಿ, ನೀಲಿ ಅಂದರೆ ಪೂರ್ತಿ ನೀಲಿ. ನೆರಳು, ಛಾಯೆ ಅನ್ನುವುದೆಲ್ಲ ಬಹಳ ಕಮ್ಮಿ. ಕಪ್ಪು ಗೆರೆ ಗಟ್ಟಿಯಾಗಿದೆ. ಕೆಳಗಿನ ಹೆಸರುಗಳು ಅಚ್ಚುಮೊಳೆಯ ಅಕ್ಷರದಲ್ಲಿವೆ. ಇದನ್ನು ಮರೆಯಬೇಡಿ, ಗೆಳತಿಯ ಡೆಕ್ ನೋಡುವಾಗ ಬೇಕಾಗುತ್ತದೆ. ಸುಮಾರು ಜನ ಈ ಆವೃತ್ತಿಯನ್ನು ಒರಟು ಅಂತ ಬೈಯುತ್ತಾರೆ. ಒರಟು ಹೌದು. ಆದರೆ ಮೇಜಿನ ಆಚೆ ಕೂತವರಿಗೂ ಕಾರ್ಡಿನಲ್ಲಿ ಏನಿದೆ ಅಂತ ಕಾಣುತ್ತದೆ. ಪೋಸ್ಟರ್ ಅಚ್ಚು ಹಾಕಿದ ಕೈಗೆ ಅದು ದೊಡ್ಡ ಗುಣ.

ಗೆಳತಿಯ ತಗಡಿನ ಡಬ್ಬಿಯದು, ನೀವು ಹೇಳಿದ ಮಾಸಲು ಬಣ್ಣ ನೋಡಿದರೆ, ಸ್ಮಿತ್ ವೇಟ್ ಸೆಂಟೆನಿಯಲ್ ಇರಬೇಕು. ಡೆಕ್‌ಗೆ ನೂರು ವರ್ಷ ತುಂಬಿದ 2009ರಲ್ಲಿ ಅದೇ ಸಂಸ್ಥೆ ಪಮೇಲಾ ನೆನಪಿಗೆ ಒಂದು ಸೆಟ್ ತಂದಿತು. ಹಳೆಯ ಡೆಕ್‌ನ ಬಣ್ಣವನ್ನು ಹಾಗೆಯೇ ಹಿಡಿಯಲು ಹೋದ ಮುದ್ರಣ ಅದು. ಆಮೇಲೆ ಡೆಕ್ ಮಾತ್ರ ಬೇರೆಯಾಗಿ ಸಿಗತೊಡಗಿತು. ಹೆಸರಿನಲ್ಲಿ ಸ್ಮಿತ್ ಮೊದಲು ಬಂದಿದ್ದನ್ನು ಗಮನಿಸಿ. ನೂರು ವರ್ಷ ಪ್ರಕಾಶಕರ ಹೆಸರು, ಯೋಚನೆ ಕೊಟ್ಟ ವೇಟ್ ಹೆಸರು ಇತ್ತು. ಕೆಲಸ ಮಾಡಿದಾಕೆಯ ಹೆಸರು ಇರಲಿಲ್ಲ. ಆ ಡೆಕ್‌ನಲ್ಲಿ ಕಾರ್ಡಿನ ಹೆಸರುಗಳು ಪಮೇಲಾ ಕೈಬರಹದಲ್ಲೇ ಇವೆ. 'ದಿ ಫೂಲ್' ಅನ್ನುವ ಅಕ್ಷರಗಳನ್ನು ಎರಡೂ ಡೆಕ್‌ಗಳಲ್ಲಿ ಪಕ್ಕ ಪಕ್ಕ ಇಟ್ಟು ನೋಡಿ. ಒಂದು ಮೊಳೆ ಜೋಡಿಸಿದ್ದು, ಇನ್ನೊಂದು ಕೈ ಬರೆದಿದ್ದು. ಅಕ್ಷರ ಚಿತ್ರದ ಜೊತೆ ಸೇರಿಕೊಂಡಿದೆ. ನನಗೆ ಈ ಒಂದು ಕಾರಣಕ್ಕೇ ಸೆಂಟೆನಿಯಲ್ ಇಷ್ಟ.

ಆದರೆ ಅದರ ಬಣ್ಣವೇ 1909ರ ಬಣ್ಣ ಅಂತ ಯಾರಾದರೂ ಆಣೆ ಮಾಡಿದರೆ ನಂಬಬೇಡಿ. ನೂರು ವರ್ಷದ ಕಾಗದ ಹಳದಿ ತಿರುಗುತ್ತದೆ. ಶಾಯಿಯಲ್ಲಿ ಕೆಲವು ಬೇಗ ಮಾಸುತ್ತವೆ, ಕೆಲವು ತಡವಾಗಿ. ಹಳೆಯ ಕಾರ್ಡಿನ ಫೋಟೋ ತೆಗೆದು ಅಚ್ಚು ಹಾಕಿದರೆ ಅದರ ವಯಸ್ಸೂ ಜೊತೆಗೆ ಬರುತ್ತದೆ. ಅಜ್ಜಿಯ ಮದುವೆ ಫೋಟೋ ನೋಡಿ ಅಜ್ಜಿ ಕಂದು ಬಣ್ಣದ ಸೀರೆ ಉಟ್ಟಿದ್ದರು ಅಂದ ಹಾಗೆ ಆಗುತ್ತದೆ. ಆ ಮಾಸಲಿನಲ್ಲಿ ಕಲ್ಲಚ್ಚಿನವನ ಪಾಲೆಷ್ಟು, ಕಾಲದ ಪಾಲೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಎರಡು ಆವೃತ್ತಿಗಳ ಬಗ್ಗೆ ಹೇಳದಿದ್ದರೆ ಅಂಗಡಿಯಲ್ಲಿ ಗೊಂದಲ ಆಗುತ್ತದೆ. ಯೂನಿವರ್ಸಲ್ ವೇಟ್ 1990ರದ್ದು. ಮೇರಿ ಹ್ಯಾನ್ಸನ್ ರಾಬರ್ಟ್ಸ್ ಅನ್ನುವ ಕಲಾವಿದೆ ಮತ್ತೆ ಬಣ್ಣ ಹಾಕಿದ್ದಾರೆ. ಬಣ್ಣದ ಪೆನ್ಸಿಲ್ಲಿನಲ್ಲಿ ತೀಡಿದ ಹಾಗೆ ಮೆತ್ತಗಿದೆ. ಕೆನ್ನೆಗೆ ದುಂಡು ಬಂದಿದೆ, ಬಟ್ಟೆಗೆ ಮಡಿಕೆ ಬಂದಿದೆ. ಮನುಷ್ಯರ ಮುಖ ನೋಡಿ ಕಾರ್ಡ್ ಓದುವವರಿಗೆ ಇದು ಬಹಳ ಹಿಡಿಸುತ್ತದೆ. ಇನ್ನೊಂದು 2003ರ ರೇಡಿಯಂಟ್ ರೈಡರ್ ವೇಟ್. ಅದಕ್ಕೆ ಬಣ್ಣ ಹಾಕಿದವರು ವಿರ್ಜಿನಿಯಸ್ ಪೋಶ್ಕುಸ್. ಜಗಜಗ ಅನ್ನುತ್ತದೆ. ನನಗೆ ಹಿಡಿಸುವುದಿಲ್ಲ. ದುಃಖದ ಕಾರ್ಡಿನಲ್ಲೂ ದೀಪಾವಳಿ ನಡೆದ ಹಾಗಿರುತ್ತದೆ. ಆದರೆ ಕಣ್ಣು ಮಂಜಾದ ನನ್ನ ಸ್ನೇಹಿತರೊಬ್ಬರು ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಅವರ ಕಷ್ಟ ಅವರಿಗೇ ಗೊತ್ತು.

ಈಗ 350 ರೂಪಾಯಿಯ ವಿಷಯ. ಇದರಲ್ಲಿ ನನ್ನದೊಂದು ಹಳೇ ತಪ್ಪಿನ ಕಥೆ ಇದೆ. ಸ್ಕ್ಯಾನರ್ ಹೊಸದಾಗಿ ತಂದಿದ್ದ ಕಾಲ. ಸನ್ ಕಾರ್ಡ್ ನನಗೆ ಬಹಳ ಪ್ರೀತಿ. ಬಿಳಿ ಕುದುರೆ ಮೇಲೆ ಬರಿಮೈ ಮಗು, ಕೈಯಲ್ಲಿ ಕೆಂಪು ಬಾವುಟ, ಹಿಂದೆ ಗೋಡೆಯ ಮೇಲೆ ಸೂರ್ಯಕಾಂತಿ ಹೂವುಗಳು. ನಮ್ಮ ಕಡೆ ಹೊಲದಲ್ಲಿ ಸೂರ್ಯಕಾಂತಿ ನೋಡಿ ಬೆಳೆದವನಿಗೆ ಪ್ರೀತಿ ಆಗದೆ ಇರುತ್ತದಾ? ಅದನ್ನು ದೊಡ್ಡದು ಮಾಡಿ ಮನೆಗೆ ಒಂದು ಕ್ಯಾಲೆಂಡರ್ ಹಾಕೋಣ ಅಂತ ಸ್ಕ್ಯಾನ್ ಮಾಡಿದೆ. ಅಚ್ಚಿನಿಂದ ಹೊರಬಂದ ಹಾಳೆ ನೋಡಿದರೆ ಮಗುವಿನ ಮೈಮೇಲೆಲ್ಲ ಚೌಕಳಿ ಚೌಕಳಿ ಬಲೆ. ಮೀನು ಹಿಡಿದ ಹಾಗೆ ಮಗು ಹಿಡಿದಿದ್ದೆ.

ಕಾರಣ ಸರಳ. ಅಚ್ಚಾದ ಚಿತ್ರದಲ್ಲಿ ಆಗಲೇ ಸಣ್ಣ ಚುಕ್ಕಿಗಳಿವೆ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಬೇರೆ ಬೇರೆ ಕೋನದಲ್ಲಿ ಕೂತು ಬಣ್ಣ ಆಗುತ್ತವೆ. ಅದನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಚುಕ್ಕಿಯ ಮೇಲೆ ಚುಕ್ಕಿ ಕೂತು ಬಲೆಯ ಹಾಗೆ ಕಾಣುತ್ತದೆ. ಇದಕ್ಕೆ ಮ್ವಾರೇ ಅಂತ ಫ್ರೆಂಚ್ ಹೆಸರಿದೆ. ನಮ್ಮ ಪ್ರೆಸ್ ಹುಡುಗರು ಅದನ್ನು 'ಮೋರೆ' ಅಂತಲೇ ಕರೆಯುತ್ತಿದ್ದರು. 'ಅಣ್ಣಾ, ಮೋರೆ ಬಂದೈತಿ' ಅಂತ ಒಬ್ಬ ಕೂಗಿದ್ದಕ್ಕೆ ಬಾಗಿಲಲ್ಲಿ ನಿಂತಿದ್ದ ಗಿರಾಕಿ ಸಿಟ್ಟಾಗಿದ್ದರು.

ಅಗ್ಗದ ನಕಲುಗಳಲ್ಲಿ ಆಗುವುದು ಇದೇ. ಯಾರದೋ ಡೆಕ್ ತಂದು ಸ್ಕ್ಯಾನ್ ಮಾಡಿ, ಬಣ್ಣ ಏರಿಸಿ ಅಚ್ಚು ಹಾಕುತ್ತಾರೆ. ಬಣ್ಣ ಏರಿಸುವುದು ಮಸುಕು ಮುಚ್ಚಲಿಕ್ಕೆ. ಕಣ್ಣಿಗೆ ಚುಚ್ಚುತ್ತದೆ ಅಂದಿರಲ್ಲ, ಅದರ ಗುಟ್ಟು ಇದು. ನಮ್ಮಲ್ಲೂ ಹಳಸಿದ ಸಾರಿಗೆ ಖಾರ ಜಾಸ್ತಿ ಹಾಕುವವರು ಇಲ್ಲವಾ?

ಪರೀಕ್ಷೆ ಮಾಡುವುದು ಕಷ್ಟ ಅಲ್ಲ. ಒಂದು ಭೂತಗನ್ನಡಿ ಸಾಕು, ಶಾಲೆಯ ವಿಜ್ಞಾನದ ಬೀರುವಿನಲ್ಲಿ ಇದ್ದೇ ಇರುತ್ತದೆ. ಟವರ್ ಕಾರ್ಡ್ ತೆಗೆಯಿರಿ. ಅದರಲ್ಲಿ ಆಕಾಶ ಪೂರ್ತಿ ಕಪ್ಪು. ನಿಮ್ಮ ಹಳದಿ ಪೆಟ್ಟಿಗೆಯದರಲ್ಲಿ ಕಪ್ಪು ತುಂಬಿಕೊಂಡಿರುತ್ತದೆ. ನಕಲಿನಲ್ಲಿ ಅದೇ ಕಪ್ಪು ಕಂದು ತಿರುಗಿರುತ್ತದೆ, ಅಥವಾ ಬೂದಿ ಬಳಿದ ಹಾಗಿರುತ್ತದೆ. ಆಮೇಲೆ ಯಾವುದಾದರೂ ಮುಖದ ಗೆರೆ ನೋಡಿ. ನಿಮ್ಮ ಡೆಕ್‌ನಲ್ಲಿ ಕಪ್ಪು ಗೆರೆ ಒಂದೇ ಎಳೆ. ನಕಲಿನಲ್ಲಿ ಸಾಮಾನ್ಯವಾಗಿ ಆ ಗೆರೆಯೇ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ. ಸೆಂಟೆನಿಯಲ್‌ನಲ್ಲೂ ಕಾಳುಕಾಳಾಗಿ ಕಾಣುತ್ತದೆ, ಅದಕ್ಕೆ ಹೆದರಬೇಡಿ. ಅಲ್ಲಿ ಹಳೇ ಅಚ್ಚನ್ನು ತೋರಿಸುವುದೇ ಉದ್ದೇಶ, ಗೆರೆ ಜಾಗ ಬಿಟ್ಟು ಸರಿದಿರುವುದಿಲ್ಲ. ನಕಲಿನಲ್ಲಿ ಒಂದು ಬಣ್ಣ ಪಕ್ಕಕ್ಕೆ ಜರುಗಿ ತುಟಿ ಎರಡಾಗಿರುತ್ತದೆ. ಇದನ್ನು ನಾವು ರಿಜಿಸ್ಟ್ರೇಷನ್ ಔಟ್ ಅನ್ನುತ್ತೇವೆ. ಮದುವೆ ಕಾರ್ಡಿನಲ್ಲಿ ಗಣಪತಿಗೆ ಎರಡು ಸೊಂಡಿಲು ಬಂದರೆ ಹುಡುಗಿಯ ಅಪ್ಪ ಬಂದು ಕೂಗಾಡುತ್ತಾರಲ್ಲ, ಅದೇ ರೋಗ.

ಪಮೇಲಾ ಸಹಿಯನ್ನೂ ಹುಡುಕಿ. ಕಾರ್ಡಿನ ಕೆಳಗಡೆ, ಒಂದು ಬದಿಯಲ್ಲಿ, ಬಳ್ಳಿ ಸುತ್ತಿದ ಹಾಗೆ ಒಂದು ಸಣ್ಣ ಗುರುತಿರುತ್ತದೆ. ಪಿ, ಸಿ, ಎಸ್ ಮೂರೂ ಅಕ್ಷರ ಹೆಣೆದುಕೊಂಡಿರುತ್ತವೆ. ಒಳ್ಳೆಯ ಮುದ್ರಣದಲ್ಲಿ ಆ ಹೆಣಿಗೆಯ ಎಳೆ ಬಿಡಿಸಿ ನೋಡಬಹುದು. ಕೆಟ್ಟದ್ದರಲ್ಲಿ ಸತ್ತ ಸೊಳ್ಳೆ ಅಂಟಿದ ಹಾಗಿರುತ್ತದೆ. ಅಂಚು ಕತ್ತರಿಸಿದ ಕೆಲವು ನಕಲುಗಳಲ್ಲಿ ಸಹಿ ಅರ್ಧ ಹಾರಿಯೇ ಹೋಗಿರುತ್ತದೆ.

ಕಾಗದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಡಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಇಸ್ಪೀಟು ಎಲೆಗೆ ಬಳಸುವ ಒಳ್ಳೆಯ ಕಾಗದ ಎರಡು ಪದರದ್ದು, ನಡುವೆ ಗಾಢ ಬಣ್ಣದ ಅಂಟು ಇರುತ್ತದೆ, ಬೆಳಕು ಬಿಡುವುದಿಲ್ಲ. ಅಗ್ಗದ್ದು ಬರೀ ಆರ್ಟ್ ಕಾರ್ಡ್, ಮೇಲೆ ಲ್ಯಾಮಿನೇಷನ್. ನಾಲ್ಕು ಸಲ ಕಲೆಸಿದರೆ ಮೂಲೆಯಲ್ಲಿ ಪದರ ಏಳುತ್ತದೆ. ಪುಸ್ತಿಕೆ ಬದಲು ಬರೀ ಒಂದು ಕ್ಯೂಆರ್ ಕೋಡ್ ಇಟ್ಟಿದ್ದರೂ ಅನುಮಾನ ಪಡಿ. ಆದರೆ ಪೆಟ್ಟಿಗೆ ಮೇಲೆ 'ಚೀನಾದಲ್ಲಿ ತಯಾರಿಸಿದ್ದು' ಅಂತ ಇದೆ ಅಂತ ನಕಲು ಅಂದುಕೊಳ್ಳಬೇಡಿ. ಯು.ಎಸ್. ಗೇಮ್ಸ್‌ನವರು ಮೊದಲು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚು ಹಾಕಿಸುತ್ತಿದ್ದರು. ಆಮೇಲೆ ಚೀನಾಕ್ಕೂ ಹೋದರು.

ಇನ್ನು ನಕಲು ಮಾಡುವುದು ಕಳ್ಳತನವಾ ಅಂದರೆ, ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಪಮೇಲಾ ತೀರಿಕೊಂಡಿದ್ದು 1951ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಬ್ಯೂಡ್ ಅನ್ನುವ ಊರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಹಕ್ಕು ಕಲಾವಿದರು ತೀರಿಕೊಂಡ ಮೇಲೆ 60 ವರ್ಷ. ಹಾಗಾಗಿ 2012ರಿಂದ ಇಲ್ಲಿ ಆ ಮೂಲ ಚಿತ್ರಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಇಂಗ್ಲೆಂಡಿನಲ್ಲಿ 70 ವರ್ಷ, ಅಲ್ಲಿ 2022ರಿಂದ ಬಿಡುಗಡೆ. ಆದರೆ 1990ರಲ್ಲಿ, 2003ರಲ್ಲಿ ಹೊಸದಾಗಿ ಹಾಕಿದ ಬಣ್ಣ ಹೊಸ ಕೆಲಸ. ಅದನ್ನು ಕದಿಯುವುದು, ಇನ್ನೊಬ್ಬರ ಪೆಟ್ಟಿಗೆ, ಮೊಹರು ಹಾಕಿ ಮಾರುವುದು ತಪ್ಪು. ದಾವಣಗೆರೆಯವನೇ ಒಬ್ಬ ಹಳೇ ಡೆಕ್‌ನಿಂದ ಪ್ರಾಮಾಣಿಕವಾಗಿ ಗೆರೆ ತಿದ್ದಿ, ತನ್ನದೇ ಹೆಸರಿನಲ್ಲಿ ಅಚ್ಚು ಹಾಕಿದರೆ ನಾನೇ ಮೊದಲ ಗಿರಾಕಿ.

ಕೊಳ್ಳುವುದು ಯಾವುದು ಅನ್ನುವುದಕ್ಕೆ ಬರೋಣ. ಒಂದು ಕಾರ್ಡ್ ಇಟ್ಟುಕೊಂಡು ತೀರ್ಮಾನ ಮಾಡಿ. ಫೈವ್ ಆಫ್ ಪೆಂಟಕಲ್ಸ್ ತೆಗೆಯಿರಿ. ಹಿಮ ಬೀಳುತ್ತಿದೆ. ಹರಕು ಬಟ್ಟೆಯ ಇಬ್ಬರು ಬಡವರು ಹೋಗುತ್ತಿದ್ದಾರೆ. ಒಬ್ಬನಿಗೆ ಊರುಗೋಲು, ಇನ್ನೊಬ್ಬಾಕೆ ಬರಿಗಾಲು. ಮೇಲೆ ಬಣ್ಣದ ಗಾಜಿನ ಕಿಟಕಿ ಬೆಳಗುತ್ತಿದೆ, ಅದರಲ್ಲಿ ಐದು ನಾಣ್ಯ. ಅವರಿಬ್ಬರೂ ಕಿಟಕಿಯ ಕಡೆ ನೋಡುತ್ತಿಲ್ಲ. ಇಡೀ ಕಾರ್ಡಿನ ಜೀವ ಇರುವುದು ಕಿಟಕಿಯ ಬೆಚ್ಚಗಿನ ಬೆಳಕು, ಕೆಳಗಿನ ಚಳಿ ಇವೆರಡರ ನಡುವೆ. ಈಗ ಒಂದೊಂದು ಡೆಕ್‌ನಲ್ಲಿ ನೋಡಿ. ರೇಡಿಯಂಟ್‌ನಲ್ಲಿ ಹಿಮವೂ ಮಿಂಚುತ್ತದೆ, ಚಳಿ ಆಗುವುದಿಲ್ಲ. ಸೆಂಟೆನಿಯಲ್‌ನಲ್ಲಿ ಕಿಟಕಿ ಮಂಕು, ಆದರೆ ಬಡತನ ನಿಜ ಅನಿಸುತ್ತದೆ. ನಿಮ್ಮ ಹಳದಿ ಪೆಟ್ಟಿಗೆಯದು ಎರಡನ್ನೂ ಖಡಕ್ಕಾಗಿ ಬೇರೆ ಮಾಡಿ ತೋರಿಸುತ್ತದೆ. ಯೂನಿವರ್ಸಲ್‌ನಲ್ಲಿ ಆ ಹೆಂಗಸಿನ ಮುಖ ನೋಡಿ ಕರುಳು ಚುರ್ ಅನ್ನುತ್ತದೆ. ಯಾವುದು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೋ ಅದನ್ನು ಕೊಳ್ಳಿ.

ಹೊಸದಾಗಿ ಕಲಿಯುವವರಾದರೆ ಸೆಂಟೆನಿಯಲ್ ತಗೊಳ್ಳಿ ಅನ್ನುತ್ತಿದ್ದೆ. ನೀವು ಏಳು ವರ್ಷ ಹಳದಿ ಪೆಟ್ಟಿಗೆಯಲ್ಲಿ ಪಳಗಿದವರು. ನನ್ನನ್ನು ಕೇಳಿದರೆ ಎರಡನೆಯದಾಗಿ ಯೂನಿವರ್ಸಲ್ ಕೊಳ್ಳಿ. ಸೆಂಟೆನಿಯಲ್ ಬೇಕಾದಾಗ ಗೆಳತಿಯದು ಇದ್ದೇ ಇದೆ. ಅಳತೆ ಮಾತ್ರ ನೋಡಿಕೊಳ್ಳಿ. ಮಾಮೂಲಿ ಕಾರ್ಡ್ ಸುಮಾರು 7 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದ. ಪಾಕೆಟ್ ಅಳತೆಯದೂ ಬರುತ್ತದೆ. ಅದರಲ್ಲಿ ಪಮೇಲಾ ಮುಖಗಳು ಸಾಸಿವೆ ಕಾಳಿನಷ್ಟಾಗುತ್ತವೆ. ಬೇಡ.

ಬಣ್ಣದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅಚ್ಚಿನ ಕಾಲದ ರೋಗ ಅಂತಲೂ ನನಗೆ ಅನಿಸುತ್ತದೆ. ನಮ್ಮ ಮೈಸೂರಿನ ಗಂಜೀಫಾ ಎಲೆಗಳನ್ನು ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆ ಆಟದ ಹುಚ್ಚು ಇತ್ತು. ಎಲ್ಲ ಎಲೆಯೂ ಕೈಯಲ್ಲಿ ಬರೆದಿದ್ದು. ಒಂದು ಸೆಟ್ಟಿನ ಬಣ್ಣ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಟ್ಯಾರೋ ಕೂಡ ಮೊದಲು ಆಟವೇ. 15ನೇ ಶತಮಾನದ ಇಟಲಿಯಲ್ಲಿ ಸಾಹುಕಾರರು ಬರೆಸಿಕೊಂಡು ಆಡುತ್ತಿದ್ದರು. ಭವಿಷ್ಯಕ್ಕೆ ಬಳಕೆ ಜೋರಾಗಿದ್ದು 18ನೇ ಶತಮಾನದ ಕೊನೆಯಲ್ಲಿ, ಫ್ರಾನ್ಸಿನಲ್ಲಿ. ಪಮೇಲಾ ಕೂಡ ಹಿಂದಿನವರಿಂದ ತಗೊಂಡಿದ್ದಾರೆ. ಹೃದಯಕ್ಕೆ ಮೂರು ಕತ್ತಿ ಚುಚ್ಚಿದ ಕಾರ್ಡ್ ಇದೆಯಲ್ಲ, ಅದರ ಅಣ್ಣನ ಹಾಗಿರುವ ಕಾರ್ಡ್ ಸೋಲಾ ಬುಸ್ಕಾ ಅನ್ನುವ 15ನೇ ಶತಮಾನದ ಇಟಲಿ ಡೆಕ್‌ನಲ್ಲಿದೆ. ಅದರ ಫೋಟೋಗಳು 1907ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಅವು ಕಪ್ಪು ಬಿಳುಪಿನ ಫೋಟೋಗಳು. ಅಲ್ಲೂ ಆಕೆಗೆ ಸಿಕ್ಕಿದ್ದು ಗೆರೆ, ಬಣ್ಣ ಅಲ್ಲ.

ಕೊನೆಯ ಪ್ರಶ್ನೆ. ತಾವೇ ಕೊಂಡ ಡೆಕ್ ಫಲಿಸಲ್ಲ ಅನ್ನುವುದು ಸುಮ್ನೆ ಮಾತು. ಎಲ್ಲರೂ ಉಡುಗೊರೆಗೆ ಕಾದು ಕೂತಿದ್ದರೆ ಪ್ರಕಾಶಕರು ಯಾವತ್ತೋ ಬಾಗಿಲು ಹಾಕಬೇಕಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಗಿಣಿಶಾಸ್ತ್ರ ಹೇಳುವವನು ತನ್ನ ಕಾರ್ಡಿನ ಕಟ್ಟನ್ನು ತಾನೇ ಮಾಡಿಸಿಕೊಂಡಿರುತ್ತಾನೆ. ಗಿಣಿ ತಕರಾರು ತೆಗೆದಿದ್ದನ್ನು ನಾನು ನೋಡಿಲ್ಲ. ಧೈರ್ಯವಾಗಿ ದುಡ್ಡು ಕೊಟ್ಟು ಕೊಳ್ಳಿ, ಬಿಲ್ ಇಸ್ಕೊಳ್ಳಿ.

ಅಕ್ಕನ ಮಗಳಿಗೆ ಬೈಯಬೇಡಿ. ಆ 350 ರೂಪಾಯಿಯ ಡೆಕ್ ಮನೆಯಲ್ಲಿ ಇರಲಿ. ದಾವಣಗೆರೆ ಕಡೆ ಬಂದಾಗ ಅದನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಬನ್ನಿ. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಒಳ್ಳೆಯ ಡೆಕ್ ಮುಟ್ಟಲು ನಾನಂತೂ ಯಾರನ್ನೂ ಬಿಡುವುದಿಲ್ಲ.